ಹಗಲಾಗಿದ್ದರೆ ಕುಡಿಯುತ್ತಿದ್ದಳೇ?

"ತಗೊಳ್ಳಿ ಟೀಚರ್, ನೀರು ಕುಡೀರಿ."

ಬೀಡಿ ಹೊಗೆಗೆ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿದ್ದ ರಾಜೀಮತಿ ತಲೆಯೆತ್ತಿದಳು. ಟೆಂಟ್ ಸಿನಿಮಾದ ಹಗ್ಗದಾಚೆ, ಗಂಡಸರ ಕಡೆಯಿಂದ, ಮಂಚಯ್ಯ ಮನೆಯಿಂದ ತಂದ ಚೊಂಬು ಚಾಚಿ ನಿಂತಿದ್ದ. ದಸರೆ ಮುಗಿದ ಮೇಲೆ ಹಳ್ಳಿಮೈಸೂರಿನ ಶಾಲೆಗೆ ಬಂದ ಚರಿತ್ರೆ ಮೇಷ್ಟ್ರು ಅವನು. ಪಕ್ಕದ ಕೋಣೆಯಲ್ಲಿ ಅವನು ಪಾಠ ಮಾಡುತ್ತಿದ್ದರೆ ಇವಳು ಬೋರ್ಡಿನ ಮೇಲೆ ಲೆಕ್ಕ ತಪ್ಪುತ್ತಿದ್ದಳು. ಅದು ಅವಳೊಬ್ಬಳಿಗೇ ಗೊತ್ತಿದ್ದ ವಿಷಯ...

ಅವಳ ಕೈ ತಾನಾಗಿ ಹಿಂದೆ ಸರಿಯಿತು. "ಬೇಡ."

ಅವನ ಮುಖ ಕಪ್ಪಿಟ್ಟಿತು.

ಇಂಟರ್ವೆಲ್‌ಗೆ ಸ್ವಲ್ಪ ಮುಂಚೆ ತಾನೇ ಪರದೆಯ ಮೇಲೆ, ಯುದ್ಧ ಸೋತು ಬಾಯಾರಿ ಬಿದ್ದಿದ್ದ ರಾಜ, ಊರಾಚೆ ಕೇರಿಯ ಹುಡುಗಿ ಕೊಟ್ಟ ನೀರು ಕುಡಿದಿದ್ದ. ಮಂತ್ರಿ ತಡೆದರೂ ಕೇಳಿರಲಿಲ್ಲ. ಟೆಂಟಿಗೆ ಟೆಂಟೇ ಶಿಳ್ಳೆ ಹೊಡೆದಿತ್ತು. ರಾಜೀಮತಿಯ ತಂದೆ, ಜವಳಿ ಅಂಗಡಿಯ ಇಂದ್ರಕುಮಾರಯ್ಯನವರು ಕುರ್ಚಿಯಲ್ಲಿ ಕೂತು ಶಲ್ಯದಿಂದ ಕಣ್ಣೊರೆಸಿಕೊಂಡಿದ್ದರು. ನಮ್ಮ ಜನವೇ ಹಾಗೆ. ರಾಜರು ಒಳ್ಳೆಯವರಾದರೆ ಬಹಳ ಸಂತೋಷ, ನಾವು ಆಗಬೇಕಿಲ್ಲವಲ್ಲ!

ಮಂಚಯ್ಯ ಅಂಥದೇ ಕೇರಿಯಲ್ಲಿ ಹುಟ್ಟಿದವನು.

"ಪರದೆ ಮೇಲಾದ್ರೆ ಚಪ್ಪಾಳೆ ತಟ್ತೀರಿ," ಎಂದ ಮೆಲ್ಲಗೆ. "ಪರ್ವಾಗಿಲ್ಲ ಬಿಡಿ."

ಹೋಗಿಯೇಬಿಟ್ಟ.

ಅಯ್ಯೋ, ಅದಲ್ಲ... ಎನ್ನುವಷ್ಟರಲ್ಲಿ ಅವನು ಗುಂಪಿನಲ್ಲಿ ಮರೆಯಾಗಿದ್ದ. ರಾಜೀಮತಿಯದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಸಿನಿಮಾಕ್ಕೆ ಹೊರಡುವ ಮುನ್ನ ಬೆಳಕಿದ್ದಾಗಲೇ ಊಟ ಮುಗಿಸಿ ಬಂದಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮರುದಿನ ಹೇಳಲೆಂದೇ ಶಾಲೆಗೆ ಬೇಗ ಹೋದಳು. ಮಂಚಯ್ಯ ಬೊಗಸೆಯೊಡ್ಡಿ ಬಗ್ಗಿದ್ದ. ಜವಾನ ಚನ್ನಪ್ಪ ಮೇಲಿನಿಂದ, ತಾಗದ ಹಾಗೆ, ನೀರು ಹುಯ್ಯುತ್ತಿದ್ದ. ಉಳಿದ ಮೇಷ್ಟ್ರುಗಳ ಲೋಟಗಳು ಕಿಟಕಿಯಲ್ಲಿ ಸಾಲಾಗಿದ್ದವು. ಅವಳ ಲೋಟವೂ ಅಲ್ಲೇ ಇತ್ತು.

ದಿನಾ ಕಂಡ ನೋಟ. ಇವತ್ತೇ ಅವಳ ಕಣ್ಣಿಗೆ ಬಿತ್ತು.

ನಿನ್ನೆ ಹಗಲಾಗಿದ್ದರೆ ಕುಡಿಯುತ್ತಿದ್ದೆನೇ?

ಹೌದು ಎನ್ನಲು ಹೊರಟಳು. ಬಾಯಿ ಬರಲಿಲ್ಲ. ನೇಮದ ಹಿಂದೆ ಅವಿತುಕೊಳ್ಳುವುದು ಅವಳಿಗೆ ಹೇಸಿಗೆ ಅನ್ನಿಸಿತು. ಏನೂ ಹೇಳದೆ ತರಗತಿಗೆ ಹೋದಳು.

ಅದು ಐವತ್ತೆಂಟರ ಬೇಸಿಗೆ. ಭಾನುವಾರ ನೆತ್ತಿ ಸುಡುವ ಬಿಸಿಲಲ್ಲಿ ರಾಜೀಮತಿ ಪೇಟೆ ಬೀದಿಯಲ್ಲೇ ನಡೆದು ಕೇರಿಗೆ ಹೋದಳು. ಸೆರಗು ಮರೆ ಮಾಡಿಕೊಳ್ಳಲಿಲ್ಲ. ನೋಡುವವರು ನೋಡಲಿ! ಅವಳು ತಲೆಯೆತ್ತಿ ನಡೆದದ್ದನ್ನು ಹೇಳಲು ನನಗೂ ಹೆಮ್ಮೆ.

"ಅಮ್ಮ, ಬಾಯಾರಿಕೆ ಆಗಿದೆ. ಒಂಚೂರು ನೀರು ಕೊಡ್ತೀರಾ?"

ಮಂಚಯ್ಯನ ತಾಯಿ ಶಿವಗಂಗಮ್ಮ ಗಾಬರಿಯಾದಳು. ಒಳಗಿಂದ ಬಂದ ಮಂಚಯ್ಯ ಬಾಗಿಲಲ್ಲೇ ನಿಂತ.

"ಟೆಂಟಲ್ಲಿ ನೀರು ಬ್ಯಾಡ ಅಂದೋರು ಇವ್ರೇಯಾ?" ಎಂದು ಮಗನನ್ನು ಕೇಳಿದಳು. "ಜೈನ್ರು ಒತ್ತು ಮುಳುಗಿದ್ಮ್ಯಾಲೆ ನೀರೂ ಮುಟ್ಟಕ್ಕಿಲ್ಲ ಕಣ್ಲಾ. ಅವ್ರ ಗದ್ದೇಲಿ ಕೂಲಿ ಮಾಡಿದೋಳು ನಾನು. ಓದಿದೋನು ನೀನು, ಒಂದ್ಮಾತು ಕೇಳಕ್ಕಾಗ್ನಿಲ್ವಾ?"

ಮಂಚಯ್ಯ ತಲೆ ತಗ್ಗಿಸಿದ. "ತಪ್ಪಾಯ್ತು ಟೀಚರ್."

"ಇಲ್ಲ ಮೇಷ್ಟ್ರೇ. ನೇಮ ನಿಜ. ಆದ್ರೆ ಹಗಲಾಗಿದ್ರೆ ಕುಡೀತಿದ್ನೋ ಇಲ್ವೋ, ನಂಗೇ ಗೊತ್ತಿರಲಿಲ್ಲ. ತಿಳ್ಕೊಳ್ಳೋಣ ಅಂತ ಬಂದೆ."

ಶಿವಗಂಗಮ್ಮ ಒಗೆದ ಬಟ್ಟೆ ಮಡಿಸಿ ನೀರು ಸೋಸಿದಳು, ಜೈನರ ಮನೆಗಳಲ್ಲಿ ಸೋಸುವ ಹಾಗೆಯೇ. ರಾಜೀಮತಿ ಬೊಗಸೆಯೊಡ್ಡಲಿಲ್ಲ. ಚೊಂಬನ್ನೇ ಕೈಗೆ ತೆಗೆದುಕೊಂಡು, ಜಗುಲಿಯ ಮೇಲೆ ಕೂತು, ಕೇರಿಯೆಲ್ಲ ನೋಡುತ್ತಿರುವಾಗಲೇ ಕುಡಿದು ಮುಗಿಸಿದಳು. ಅವಳ ಎದೆ ತುಂಬಿ ಬಂತು. ಶಿವಗಂಗಮ್ಮ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋದಳು.

ಮಂಚಯ್ಯ ಹೇಳಿದ: "ನೀರು ಬೇಡ ಅನ್ನಿಸ್ಕೊಳ್ಳೋದು ನಂಗೆ ಹೊಸದಲ್ಲ. ಬೇರೆಯೋರು ಅಂದಿದ್ರೆ ಮನೆಗೆ ಬಂದು ಉಂಡು ಮಲ್ಕೊತಿದ್ದೆ. ನೀವಂದ್ರಲ್ಲ... ತಡ್ಕೊಳಕ್ಕಾಗ್ಲಿಲ್ಲ."

"ನಾನಂದ್ರೆ ಏನು ವಿಶೇಷ?" ಕೇಳಿಸಿಕೊಳ್ಳುವ ಆಸೆಗೇ ಕೇಳಿದಳು.

"ನೀವಂದ್ರೆ ಇಷ್ಟ. ಹೇಳೋ ಧೈರ್ಯ ಇರಲಿಲ್ಲ."

"ನಂಗೂ ಇರಲಿಲ್ಲ. ಈಗ ಬಂತು."

ಅರಳಿದ ಅವನ ಮುಖ ಕೂಡಲೇ ಬಾಡಿತು. "ನಿಮ್ಮ ಅಪ್ಪಾಜಿಗೆ ಗೊತ್ತಾದ್ರೆ?"

"ಹೇಳೇ ಬಂದೆ. ಮಂಚಯ್ಯ ಮೇಷ್ಟ್ರ ಮನೆಗೆ ನೀರು ಕುಡಿಯೋಕೆ ಹೋಗ್ತೀನಿ, ಅವರು ಒಪ್ಪಿದ್ರೆ ಮದುವೇನೂ ಆಗ್ತೀನಿ ಅಂದೆ. ರಾಜ ಕುಡಿದಾಗ ಅತ್ರಲ್ಲ ಅಪ್ಪಾಜಿ, ಅದು ಸುಳ್ಳಾ ಅಂತಾನೂ ಕೇಳ್ದೆ."

"ಏನಂದ್ರು?"

"ಶಲ್ಯದಿಂದ ಮುಖ ಒರೆಸ್ಕೊಂಡ್ರು. ಆಮೇಲೆ, ಬಿಸಿಲು ಜಾಸ್ತಿ ಇದೆ, ನಿಧಾನವಾಗಿ ಹೋಗು ಅಂದ್ರು."

ಮಂಚಯ್ಯ ಒಳಗೆ ಹೋಗಿ ಒಗೆದ ಅಂಗಿ ತೊಟ್ಟು ಬಂದ.

"ನಡೀರಿ, ಮನೆಗಂಟ ನಾನೂ ಬತ್ತೀನಿ. ಅವರ ಮುಂದೆ ನಿಂತು ನಾನೇ ಕೇಳ್ಬೇಕು."

"ಬನ್ನಿ," ಎಂದಳು ರಾಜೀಮತಿ. "ಆದ್ರೆ ಪೇಟೆ ಬೀದೀಲಿ ನನ್ನ ಪಕ್ಕದಲ್ಲೇ ನಡೀಬೇಕು. ಹಿಂದೆ ಅಲ್ಲ."