ಇಪ್ಪತ್ತೈದನೇ ತಿಂಗಳು

ಬಟ್ಟಲಿನಲ್ಲಿದ್ದ ಹಿಟ್ಟು ಮಿಸುಕಾಡುತ್ತಿತ್ತು.

ನಾಗರತ್ನಾ ಚಮಚದ ತುದಿಯಿಂದ ಕೆದಕಿದಳು. ಬಿಳಿ ಹುಳ, ಎಳೆ ಎಳೆಯಾದ ನೂಲು, ಹಳಸಿದ ಎಣ್ಣೆಯ ಕಮಟು. ಥೂ! ಆಹಾರ ಸುರಕ್ಷತಾ ಅಧಿಕಾರಿಯಾಗಿ ಅವಳು ಕೊಳೆತ ಮಾಂಸ ನೋಡಿದ್ದಳು, ಇಲಿ ಬಿದ್ದ ಎಣ್ಣೆಯ ಡಬ್ಬಿ ನೋಡಿದ್ದಳು. ಆಗೆಲ್ಲ ಮೂಗು ಮುಚ್ಚಿಕೊಂಡು ಕೆಲಸ ಮುಗಿಸಿದವಳು ಇವತ್ತು ಬಟ್ಟಲನ್ನು ದೂರ ಸರಿಸಿದಳು. ಪೊಟ್ಟಣದ ಮೇಲೆ ನಗುವ ಕೂಸಿನ ಚಿತ್ರವಿತ್ತು.

ಮನೆ ಕಮಲಾಪುರದ ಶಿವಕಾಂತಮ್ಮನದು. ಈ ಹಿಟ್ಟಿನ ಗಂಜಿ ಉಂಡ ಮೊಮ್ಮಗ ಕಲಬುರಗಿಯ ಆಸ್ಪತ್ರೆಯಲ್ಲಿ ಸಲೈನ್ ಏರಿಸಿಕೊಂಡು ಮಲಗಿದ್ದ. ಪೊಟ್ಟಣ ಒಡೆದಾಗ ಸಣ್ಣ ವಾಸನೆ ಇತ್ತಂತೆ, ಧಾನ್ಯದ ಹಿಟ್ಟಲ್ಲವೇ, ಹಾಗೇ ಇರುತ್ತದೆ ಎಂದುಕೊಂಡಳಂತೆ. ಹುಳ ಕಂಡಿದ್ದು ಕೂಸು ವಾಂತಿ ಶುರುವಿಟ್ಟುಕೊಂಡ ಮೇಲೆ.

“ತಾರೀಖು ನೋಡೇ ತಂದೀನ್ರಿ ಬಾಯಾರ. ನನಗ ಅಷ್ಟು ಓದ್ಲಿಕ್ಕೆ ಬರ್ತದ,” ಎಂದಳು ಮುದುಕಿ.

ನಿಜ. ‘ಅಕ್ಟೋಬರ್ 4ರೊಳಗೆ ಬಳಸಿ’ ಎಂದು ಲೇಬಲ್ಲಿನಲ್ಲಿತ್ತು. ಇದಿನ್ನೂ ಆಗಸ್ಟ್. ಹಾಗಾದರೆ ಈ ಹೊಲಸು ಎಲ್ಲಿಂದ ಬಂತು?

ಮಾರಿದವನು ಬಸ್‌ ನಿಲ್ದಾಣದ ಹತ್ತಿರದ ಅಂಗಡಿಯ ಮಕ್ಬೂಲ್. ಊರಿನವರು ಆಗಲೇ ಅವನ ಮೇಲೆ ಹರಿಹಾಯ್ದಿದ್ದರು. ಹಳೇ ಲೇಬಲ್ ಮೇಲೆ ಹೊಸದು ಅಂಟಿಸಿದ್ದಾನೆ ಎನ್ನುವುದು ಅವರ ವಾದ. ನಾಗರತ್ನಾ ಲೇಬಲ್ಲಿನ ಅಂಚನ್ನು ಉಗುರಿನಿಂದ ಎಬ್ಬಿಸಿದಳು. ಅಡಿಯಲ್ಲಿ ಬರಿಯ ಪ್ಲಾಸ್ಟಿಕ್ಕು. ಮಕ್ಬೂಲ್ ಹಣೆಯ ಬೆವರು ಒರೆಸಿಕೊಂಡ. ಹೋದ ತಿಂಗಳು ಕಂಪನಿಯ ಗಾಡಿಯೇ ಬಂದು ಇಳಿಸಿ ಹೋದ ಮಾಲು ಎಂದ.

ಅದೇ ಕಂಪನಿಯ ಶಾವಿಗೆ ಪಕ್ಕದಲ್ಲೇ ಇತ್ತು. ನೋಡಿದರೆ ಚೆನ್ನಾಗಿಯೇ ಇತ್ತು. ‘ಡಿಸೆಂಬರ್ 25ರೊಳಗೆ ಬಳಸಿ.’ ಮೂಲೆಯಲ್ಲಿ ಅಚ್ಚಿನ ಸಂಖ್ಯೆ, ಎಂದರೆ ಲೇಬಲ್ ಅಚ್ಚಾದ ಸುತ್ತಿನ ಗುರುತು, ಹಿಟ್ಟಿನ ಪೊಟ್ಟಣದ ಮೇಲಿದ್ದದ್ದೇ. ಅವಳು ಅದನ್ನೂ ಚೀಲಕ್ಕೆ ಹಾಕಿಕೊಂಡಳು.

ಕಂಪನಿ ಇದ್ದದ್ದು ಶರಣಸಿರಸಗಿಯ ಅಂಚಿನ ಹೊಸ ಬಡಾವಣೆಯಲ್ಲಿ. ಒಡತಿ ಶೀಲಾ, ವ್ಯವಹಾರವೆಲ್ಲ ಅವಳ ಮೈದುನ ಸುನೀಲಕುಮಾರನದು. ಅವನು ಗೇಟಿಗೇ ಬಂದು ಕೈ ಮುಗಿದ. ಮಾತೆಲ್ಲ ಬೆಣ್ಣೆ. ನಾಗರತ್ನಾ ಕುರ್ಚಿಯಲ್ಲಿ ಕೂರುವ ಮೊದಲೇ ತಪ್ಪು ಯಾರದೆಂದು ಹೇಳಿ ಮುಗಿಸಿದ್ದ!

ತಪ್ಪು ಮದಿಹಾ ಎಂಬವಳದಂತೆ. ಮೋಮಿನಪುರದ ಹುಡುಗಿ, ಲೇಬಲ್ ಅಚ್ಚು ಹಾಕುವವಳು. ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು. ನಾಳೆ ಬೆಳಿಗ್ಗೆ ಅವಳ ಹೆಸರಿನಲ್ಲಿ ಪೊಲೀಸ್ ಠಾಣೆಗೆ ದೂರು ಹೋಗುವುದಿತ್ತು.

ಸುನೀಲಕುಮಾರ ಕಂಪ್ಯೂಟರ್ ತೆರೆದು ತೋರಿಸಿದ. ತಾರೀಖುಗಳ ಫೈಲನ್ನು ತಯಾರಿಸುವವನು ಅವನು. ಅದರಲ್ಲಿ ಹಿಟ್ಟಿನ ಎದುರು 10/04 ಎಂದಿತ್ತು. ಅಂದರೆ ಏಪ್ರಿಲ್ ಹತ್ತು. ಆದರೆ ಅಚ್ಚಿನ ಸಾಫ್ಟ್‌ವೇರ್ ಆ ಅಂಕಿಗಳನ್ನು ಹೇಗೆ ಓದಬೇಕು ಎಂಬ ಸೆಟ್ಟಿಂಗ್‌ನಲ್ಲಿ ‘ಮೊದಲು ತಿಂಗಳು, ಆಮೇಲೆ ದಿನ’ ಎಂದು ಇಡಲಾಗಿತ್ತು. ಹತ್ತನೇ ತಿಂಗಳು, ನಾಲ್ಕನೇ ದಿನ. ಅಕ್ಟೋಬರ್ ನಾಲ್ಕು! ಏಪ್ರಿಲ್‌ಗೆ ಮುಗಿಯಬೇಕಾದ ಹಿಟ್ಟು ಲೇಬಲ್ಲಿನ ಮೇಲೆ ಆರು ತಿಂಗಳು ಹೆಚ್ಚಿಗೆ ಬದುಕಿತು. ಗೋದಾಮಿನವರು ಲೇಬಲ್ ನಂಬಿದರು, ಅಂಗಡಿಯವನು ನಂಬಿದ, ಮುದುಕಿಯೂ ನಂಬಿದಳು.

ಹೊಂದಿಕೊಳ್ಳುತ್ತಿತ್ತು. ಅತಿಯಾಗಿಯೇ ಹೊಂದಿಕೊಳ್ಳುತ್ತಿತ್ತು.

“ಸೆಟ್ಟಿಂಗ್ ನೀ ಬದಲಿ ಮಾಡಿದ್ಯೇನವ್ವಾ?”

“ನೆನಪಿಲ್ರಿ ಮೇಡಂ.” ಮದಿಹಾಳ ದನಿ ಕೇಳಿಸುವಂತಿರಲಿಲ್ಲ. “ನಾ ಯಾವತ್ತೂ ದಿನಾನೇ ಮೊದಲ ಇಡ್ತೀನಿ. ಖರೇ, ಈಗ ನೋಡಿದ್ರ ಹಿಂಗದ... ನನ್ನ ಕೈಲೇ ಆಗ್ಯದೋ ಏನೋ.”

ಪಾಪ, ತಾನೇ ಕೂಸಿಗೆ ವಿಷ ಉಣಿಸಿದೆ ಎಂದು ಅವಳೂ ನಂಬತೊಡಗಿದ್ದಳು. ಇಲ್ಲದ ತಪ್ಪನ್ನು ಹೀಗೆ ತಲೆಗೆ ಕಟ್ಟುವವರನ್ನು ಕಂಡರೆ ನಾಗರತ್ನಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿ ನುಂಗಿಕೊಂಡು ಸುನೀಲಕುಮಾರನ ಕಡೆ ತಿರುಗಿದಳು.

“ಹಿಟ್ಟು, ಶಾವಿಗಿ— ಎರಡರ ಲೇಬಲ್ಲೂ ಬ್ಯಾರೆ ಬ್ಯಾರೆ ಹಾಕ್ತೀರೇನ್ರಿ?”

“ಇಲ್ರಿ ಮೇಡಂ. ಒಂದೇ ಫೈಲು. ಜನವರಿದಾಗ ಎರಡೂ ಒಮ್ಮೆಲೇ ಹಾಕ್ಯಾಳ.”

“ನಡುವ ಸೆಟ್ಟಿಂಗ್ ಬದಲಿ ಮಾಡ್ಲಿಕ್ಕೆ ಬರ್ತದೇನು?”

“ಛೇ, ಹೆಂಗ ಬರ್ತದ್ರಿ? ಒಮ್ಮೆ ಶುರುವಾದ್ರ ಮುಗಿಯೂ ತನಕಾ ಅದೇ ನಡೀತದ. ಈಕಿ ಮೊದಲ ನೋಡ್ಕೋಬೇಕಿತ್ತು.”

“ಫೈಲು ನಿಮ್ಮನ್ನ ಬಿಟ್ಟು ಯಾರರೇ ಮುಟ್ತಾರೇನು?”

“ನಾ ಒಬ್ಬನೇ ರಿ. ಬ್ಯಾರೆಯವರ ಮ್ಯಾಲ ಭರೋಸಾ ಇಲ್ಲ.”

ನಾಗರತ್ನಾ ತಲೆಯಾಡಿಸಿದಳು. ಈಗ ಇರುವ ಫೈಲು, ಈಗ ಇರುವ ಸೆಟ್ಟಿಂಗ್— ಯಾವುದನ್ನೂ ಮುಟ್ಟದೆ ಎರಡು ಲೇಬಲ್ ತೆಗೆಯಲು ಮದಿಹಾಳಿಗೆ ಹೇಳಿದಳು. ಪ್ರಿಂಟರ್ ಕಿರುಗುಟ್ಟಿತು. ಮೊದಲನೆಯದು ಹಿಟ್ಟಿನದು: ಅಕ್ಟೋಬರ್ 4. ಸುನೀಲಕುಮಾರ ಬಾಗಿಲ ಬಳಿ ನಿಂತಿದ್ದ ಅತ್ತಿಗೆ ಶೀಲಾಳ ಮುಖ ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ಕೈ ಆಡಿಸಿದ.

ಎರಡನೆಯದು ಶಾವಿಗೆಯದು. ಹೆಸರಿತ್ತು, ತೂಕವಿತ್ತು, ಬೆಲೆಯಿತ್ತು. ತಾರೀಖಿನ ಜಾಗ ಬೋಳು ಬೋಳಾಗಿತ್ತು.

“ಇದ್ಯಾಕ್ರಿ ಖಾಲಿ ಬಂತು?” ಎಂದಳು ನಾಗರತ್ನಾ.

ಸುನೀಲಕುಮಾರ ಲೇಬಲ್ಲನ್ನು ಎತ್ತಿ ತಿರುವಿ ನೋಡಿದ. ನಾಗರತ್ನಾ ಫೈಲಿನತ್ತ ಬೆರಳು ಮಾಡಿದಳು. ಶಾವಿಗೆಯ ಎದುರು 25/12.

“ತಿಂಗಳು ಮೊದಲ ಓದು ಅಂದ್ರ, ಇದು ಪಾಪ ಇಪ್ಪತ್ತೈದನೇ ತಿಂಗಳು ಹುಡುಕ್ತದ. ಅದು ಯಾವ ಪಂಚಾಂಗದಾಗ ಅದ ರಿ? ಸಿಗಲಾರದಕ್ಕ ಖಾಲಿ ಬಿಟ್ಟದ.”

ಅವಳು ಚೀಲದಿಂದ ಮಕ್ಬೂಲ್ ಅಂಗಡಿಯ ಶಾವಿಗೆ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಡಿಸೆಂಬರ್ 25, ಸ್ಪಷ್ಟವಾಗಿ. ಅದೇ ಅಚ್ಚಿನ ಸಂಖ್ಯೆ. ಎಲ್ಲರೂ ಹುಳ ಬಿದ್ದ ಪೊಟ್ಟಣವನ್ನೇ ನೋಡುತ್ತ ಕೂತಿದ್ದರು. ಪಕ್ಕದ ಒಳ್ಳೆಯ ಪೊಟ್ಟಣವನ್ನು ಯಾರೂ ತಿರುವಿ ನೋಡಿರಲಿಲ್ಲ.

ಜನವರಿಯಲ್ಲಿ ಈ ತಾರೀಖು ಸರಿಯಾಗಿ ಬಿದ್ದಿದೆ ಎಂದರೆ ಅವತ್ತು ಸೆಟ್ಟಿಂಗ್ ಸರಿಯಾಗಿಯೇ ಇತ್ತು, ದಿನವೇ ಮೊದಲು ಎಂದೇ ಇತ್ತು ಎಂದು ಅವಳು ಬಿಡಿಸಿ ಹೇಳಿದಳು. ಅದೇ ಸುತ್ತಿನಲ್ಲಿ ಹಿಟ್ಟಿಗೆ ಅಕ್ಟೋಬರ್ 4 ಬಿದ್ದಿದ್ದರೆ, ಅವತ್ತಿನ ಫೈಲಿನಲ್ಲೇ 04/10 ಎಂದಿರಬೇಕು. ಸುಳ್ಳು ತಾರೀಖು ಬೇಕೆಂದೇ ಬರೆದದ್ದು. ಕೂಸು ಆಸ್ಪತ್ರೆ ಸೇರಿದ ಮೇಲೆ ಫೈಲಿನ ಅಂಕಿ ತಿರುಗಿಸಿ, ಸೆಟ್ಟಿಂಗ್ ತಿರುಗಿಸಿ, ಹುಡುಗಿಯ ಕುತ್ತಿಗೆಗೆ ಉರುಲು ಹಾಕಲಾಯಿತು. ಶಾವಿಗೆಯ ನೆನಪು ಮಾತ್ರ ಆಗಲಿಲ್ಲ.

“ಫೈಲು ಮುಟ್ಟಾಂವ ನಾ ಒಬ್ಬನೇ ಅಂತ ನೀವೇ ಅಂದ್ರಿ, ಸುನೀಲಕುಮಾರ.”

ಅವನ ಮುಖದ ಬೆಣ್ಣೆಯೆಲ್ಲ ಕರಗಿಹೋಯಿತು.

“ಮೂರು ತಿಂಗಳಿಗೇ ಬಿಸಾಕ್ಕೋತ ಹೋದ್ರ ಧಂದೆ ನಡೀತದೇನ್ರಿ? ಹುಳ ಬಿದ್ರ ಜರಡಿ ಹಿಡೀಬೇಕು, ಕುದಿಸಿ ಕೊಡಬೇಕು. ಹಳ್ಳಿ ಮಂದಿ ಇದಕ್ಕಿಂತ ಕೆಟ್ಟದ್ದು ತಿಂದು ಅರಗಿಸ್ಕೋತಾರ.”

ನಾಗರತ್ನಾಳಿಗೆ ಬೆಳಗಿನ ಬಟ್ಟಲು ನೆನಪಾಯಿತು. ಆ ಹುಳುಗಳೇ ವಾಸಿ. ಅವು ತಮ್ಮ ಹೊಟ್ಟೆಗಾಗಿ ತಿಂದವು, ಇನ್ನೊಬ್ಬರ ಮೇಲೆ ತಪ್ಪು ಹೊರಿಸಲಿಲ್ಲ. ಇಷ್ಟು ಹೊತ್ತು ಮದಿಹಾಳನ್ನು ದುರುಗುಟ್ಟಿ ನೋಡುತ್ತಿದ್ದ ಶೀಲಾ ನೆಲ ನೋಡುತ್ತ ನಿಂತಿದ್ದಳು. ಅವಳೇ ಬಾಯಿಬಿಟ್ಟಳು.

“ಇವ ತನ್ನ ಕೂಸಿಗೆ ನಮ್ಮ ಹಿಟ್ಟು ಒಂದಿನಾನೂ ಉಣಿಸಿಲ್ರಿ. ಯಾಕಂತ ನಾನೂ ಕೇಳಲಿಲ್ಲ.”

ಗೋದಾಮಿಗೆ ಬೀಗಮುದ್ರೆ ಬಿತ್ತು. ಪೊಲೀಸರು ಬಂದು ಸುನೀಲಕುಮಾರನನ್ನು ಕರೆದೊಯ್ದರು. ಮನೆಗೆ ಬಿಡುತ್ತೇನೆ ಎಂದು ನಾಗರತ್ನಾ ಮದಿಹಾಳನ್ನು ಜೀಪಿಗೆ ಹತ್ತಿಸಿಕೊಂಡಳು. ಮೋಮಿನಪುರದ ತಿರುವು ಬಂದಾಗ ಹುಡುಗಿ ಕೇಳಿದಳು.

“ಆ ಕೂಸಿನ್ನ ನೋಡ್ಬಹುದೇನ್ರಿ ಮೇಡಂ? ಇಷ್ಟು ದಿನ ಅತ್ತಾಗ ಹೋಗ್ಲಿಕ್ಕೆ ಹೆದರಿಕಿ ಇತ್ತು.”

ಆಸ್ಪತ್ರೆಯ ಮಂಚದ ಪಕ್ಕ ಶಿವಕಾಂತಮ್ಮ ಕೂತಿದ್ದಳು. ಕಮಲಾಪುರದಿಂದ ಮಧ್ಯಾಹ್ನದ ಬಸ್ಸಿಗೆ ಬಂದಿದ್ದಳಂತೆ. ಸಲೈನ್ ತೆಗೆದಿದ್ದರು, ಕೂಸು ಎಚ್ಚರವಾಗಿತ್ತು. ಬಂದವಳು ಯಾರೆಂದು ನಾಗರತ್ನಾ ಹೇಳಿದಳು, ತಪ್ಪು ಇವಳದಲ್ಲವೆಂದೂ ಹೇಳಿದಳು.

ಮುದುಕಿ ಮದಿಹಾಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

“ಲೇಬಲ್ಲಿನ ಹುಡುಗಿ ಮಾಡ್ಯಾಳ ಅಂತ ಆ ಕಂಪನಿಯಾಂವ ಫೋನ್ ಮಾಡಿ ಹೇಳಿದ್ದ. ಮಧ್ಯಾಹ್ನದಿಂದ ನಿನ್ನ ವಂಶಾನೇ ನಾಶ ಆಗ್ಲಿ ಅಂತ ಬಾಯಿಗೆ ಬಂದಂಗ ಬೈದೀನಿ, ತಾಯಿ,” ಎಂದಳು. “ಬಾ. ಎತ್ಕೋ.”