ಮಣಿಕಟ್ಟಿಗೆ ಬೀಳದ ಸೂಜಿ

"ಇಲ್ಲಿ ಸೂಜಿ ಚುಚ್ಚೇ ಇಲ್ರೀ ಮೇಡಂ! ಬೇಕಾದ್ರ ದೇವರ ಮ್ಯಾಲೆ ಆಣಿ ಮಾಡ್ತೀನಿ."

ಮೂಡಲಪಾಳ್ಯದ ದುಂಡಪ್ಪ ಎರಡೂ ಮಣಿಕಟ್ಟುಗಳನ್ನು ವಿಮಲಮ್ಮನ ಮೂಗಿನ ಹತ್ತಿರಕ್ಕೇ ಚಾಚಿದರು. ದಸರಾ ವಾರದಲ್ಲಿ ಕಿಡ್ನಿ ಕಲ್ಲಿಗೆಂದು ವಿಜಯನಗರದ ನರ್ಸಿಂಗ್ ಹೋಮ್ ಒಂದರಲ್ಲಿ ಮಲಗಿ ಎದ್ದು ಬಂದವರು ಅವರು. ಅವರ ಹೆಸರಿನಲ್ಲಿ ವಿಮೆ ಕಂಪನಿಗೆ ಹೋದ ಬಿಲ್ಲಿನಲ್ಲಿ ಮಾತ್ರ ದಿನವೂ ಬ್ಲಡ್ ಗ್ಯಾಸ್ ಪರೀಕ್ಷೆ. ಉಸಿರಾಟಕ್ಕೆ ಒದ್ದಾಡುವವರ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಪರೀಕ್ಷೆ ಅದು. ನಾಡಿ ಬಡಿಯುವ ಜಾಗಕ್ಕೇ ಸೂಜಿ ಇಳಿಸಬೇಕು. ಚುಚ್ಚಿಸಿಕೊಂಡವರು ಈ ಜನ್ಮದಲ್ಲಿ ಮರೆಯುವುದಿಲ್ಲ.

ವಿಮಲಮ್ಮ ನಕ್ಕು ಕೊಡೆ ಎತ್ತಿಕೊಂಡರು. ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಅವರು ವಿಮೆ ಕಂಪನಿಗಾಗಿ ಇಂಥ ಅನುಮಾನದ ಬಿಲ್ಲುಗಳ ಜಾಡು ಹಿಡಿಯುತ್ತಿದ್ದರು. ಲಾಠಿ ಹೋಗಿ ಕೊಡೆ ಬಂದಿತ್ತು. ಸ್ವಭಾವ ಹಾಗೇ ಇತ್ತು.

*

"ಕಳ್ಳಿ ಸಿಕ್ಕಿದಾಳೆ ಮೇಡಂ," ಎಂದ ನರ್ಸಿಂಗ್ ಹೋಮಿನ ಮ್ಯಾನೇಜರ್ ಯಶ್ವಂತ್. "ಎಲ್ಲಾ ಬಿಲ್ಲೂ ಇವಳ ಲಾಗಿನ್‌ನಿಂದಲೇ ಹೋಗಿದೆ."

ಇವಳು ಎಂದರೆ ಚೇತನಾ. ಬಾಗಲಕೋಟೆ ಕಡೆಯ ಹುಡುಗಿ. ಪ್ರತಿ ಪರೀಕ್ಷೆಗೂ ಒಂದು ಕೋಡ್ ಇರುತ್ತದೆ; ಯಶ್ವಂತ್ ಕೊಟ್ಟ ಪಾಸ್‌ವರ್ಡ್ ಹಾಕಿ ಅದನ್ನು ಬಿಲ್ಲಿಗೆ ಸೇರಿಸುವುದು ಅವಳ ಕೆಲಸ. ಇಲ್ಲಿ ಪರೀಕ್ಷೆಯೇ ಸುಳ್ಳು. ಸಾಲದ್ದಕ್ಕೆ ಒಂದನ್ನು ಮೂರು ಕೋಡ್‌ಗಳಾಗಿ ಒಡೆದು ಹಾಕಿದ್ದರು. ದೋಸೆ ತಿನ್ನದವನಿಗೆ ಹಿಟ್ಟು, ಎಣ್ಣೆ, ಚಟ್ನಿ ಅಂತ ಮೂರು ಬಿಲ್ಲು ಕೊಟ್ಟ ಹಾಗೆ.

"ನಾ ಮಾಡಿಲ್ರೀ," ಎಂದಳು ಚೇತನಾ. ಮೇಜಿನ ಮೇಲೆ ಅವಳ ಫೋನು 'ಅವ್ವ' ಎಂದು ಮಿನುಗುತ್ತಲೇ ಇತ್ತು. ಅವಳು ಎತ್ತಲಿಲ್ಲ.

ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ದೇವೇಂದ್ರಪ್ಪ ಮುಖ ಗಂಟು ಹಾಕಿಕೊಂಡಿದ್ದರು. "ಸಂಜೆಯೊಳಗೆ ಸ್ಟೇಷನ್‌ಗೆ ಕಂಪ್ಲೇಂಟ್ ಕೊಡ್ತೀನಿ. ನಂಬಿಕೆ ದ್ರೋಹ ಇದು."

ಕಂಪ್ಲೇಂಟ್ ಹೋದರೆ ಈ ಹುಡುಗಿಗೆ ಇನ್ನು ಯಾವ ಆಸ್ಪತ್ರೆಯೂ ಕೆಲಸ ಕೊಡದು.

"ನಾನಿದ್ದಿದ್ರೆ ಆಗ್ಲೇ ಹಿಡೀತಿದ್ದೆ," ಎಂದ ಯಶ್ವಂತ್. "ಆಯುಧಪೂಜೆ ಹಿಂದಿನ ದಿನಾನೇ ಹಾಸನಕ್ಕೆ ಹೋದೆ, ಮಾವನ ಮನೆಗೆ. ವಾಪಸ್ ಬರೋದ್ರೊಳಗೆ ವಾರ ಆಗಿತ್ತು."

*

ಎದುರಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ವಿಮಲಮ್ಮ ಒಂದು ಲೋಟ ಕೇಳಿದರು. ಅಂಗಡಿಯ ಅಂಜಿನಯ್ಯನ ಬಾಯಿ ಬಿಡಿಸಬೇಕಾದ ಅಗತ್ಯವೇ ಇರಲಿಲ್ಲ.

"ಲ್ಯಾಬ್ ಮುನಿರಾಜು ಇದಾನಲ್ಲಕ್ಕಾ, ಹಬ್ಬದಲ್ಲಿ ದಿನಾ ನನ್ ಹತ್ರ ಐಸ್ ಇಸ್ಕೊಂಡು ಡಬ್ಬಿಗೆ ತುಂಬ್ತಿದ್ದ. ಮೇಲೆ ಟವೆಲ್ ಮುಚ್ಚಿ ಓಡೋನು. ಏನೋ ಮೀನಾ ಅಂದ್ರೆ ಮುಖ ತಿರುಗಿಸ್ಕೊಂಡ."

ಟವೆಲ್ ಮುಚ್ಚಿದ ಡಬ್ಬಿ. ವಿಮಲಮ್ಮ ಅರ್ಧ ಲೋಟ ಬಿಟ್ಟು ಎದ್ದರು.

*

ಬ್ಲಡ್ ಗ್ಯಾಸ್ ಮೆಷಿನ್ ಐಸಿಯು ಪಕ್ಕದ ಪುಟ್ಟ ಕೋಣೆಯಲ್ಲಿತ್ತು. ವಿಮಲಮ್ಮ ಮುನಿರಾಜು, ಚೇತನಾ ಇಬ್ಬರನ್ನೂ ಅಲ್ಲಿಗೆ ಕರೆಸಿಕೊಂಡರು. ಮೆಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ರಕ್ತ ಹೀರುವ ತೂತಿನ ಪಕ್ಕದ ಸಂದಿಯಲ್ಲಿ ಏನೋ ಕೆಂಪಗಿತ್ತು. ಬೆರಳಿಂದ ಒರೆಸಿದರು. ರಕ್ತವಲ್ಲ, ಕುಂಕುಮ.

ಚೇತನಾಳ ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಅಯ್ಯೋ, ಇವಳೇನಾ ಎಂದು ವಿಮಲಮ್ಮನ ಮನಸ್ಸು ಕುಸಿಯಿತು.

"ಹೇಳಮ್ಮಾ."

"ಆಯುಧಪೂಜಿಗೆ ನಾನೇ ಹಚ್ಚಿದ್ನಿರೀ," ಚೇತನಾ ಬಿಕ್ಕಿದಳು. "ಜೀವಾ ಉಳಿಸೋ ಮಷಿನ್ನು ಅಂತ ಭಕ್ತಿಲೇ ಕೈತುಂಬ ಹಚ್ಚಿದ್ನಿ. ಪುಡಿ ಒಳಗ ಹೋಗಿ ನಳಿಗಿ ಕಟ್ಟಿತು. ಮಷಿನ್ನು ನಿಂತಽ ಬಿಡ್ತು."

"ಬಿಲ್ ಮೇಲೆ ಕಮಿಷನ್ ಇರೋ ಯಶ್ವಂತ್ ಸಾರ್‌ಗೆ ಗೊತ್ತಾದ್ರೆ ಇವಳ ಸಂಬಳ ಕಟ್ ಮಾಡ್ತಾರೆ ಅಂತ ಹೇಳ್ಲಿಲ್ಲ ಮೇಡಂ," ಎಂದ ಮುನಿರಾಜು. "ಕೆಟ್ಟೋಗಿದೆ ಅಂತ ಡಾಕ್ಟರಿಗೆ ಮಾತ್ರ ಹೇಳಿದ್ವಿ. ಐಸಿಯು ರೋಗಿಗಳ ಸ್ಯಾಂಪಲ್ ಐಸಲ್ಲಿಟ್ಟು ಪಕ್ಕದ ಆಸ್ಪತ್ರೆಗೆ ಓಡಿಸ್ತಿದ್ದೆ. ಆ ಟೆಸ್ಟುಗಳ ಬಿಲ್ಲು ಆ ಆಸ್ಪತ್ರೆಯವರೇ ಹಾಕ್ತಿದ್ರು. ಸಾರ್ ಬರೋ ಹಿಂದಿನ ದಿನ ರಿಪೇರಿ ಆಯ್ತು. ಎಲ್ಲರೂ ಬಾಯಿ ಮುಚ್ಕೊಂಡ್ವಿ."

ವಿಮಲಮ್ಮ ಬೆರಳಿನ ಕುಂಕುಮವನ್ನೇ ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

"ಅಳ್ಬೇಡ ಕಣೇ. ನಿನ್ನ ತಪ್ಪೇ ನಿನ್ನ ಕಾಪಾಡ್ತು."

*

ಡಾಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದರು. ಯಶ್ವಂತ್ ತನ್ನ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡೇ ಬಂದ.

"ಒಂದೇ ಪ್ರಶ್ನೆ," ಎಂದರು ವಿಮಲಮ್ಮ. "ದಸರಾ ವಾರ ನಿಮ್ಮ ಬ್ಲಡ್ ಗ್ಯಾಸ್ ಮೆಷಿನ್ ಹೇಗೆ ಕೆಲಸ ಮಾಡ್ತಿತ್ತು?"

"ಫಸ್ಟ್ ಕ್ಲಾಸ್ ಮೇಡಂ! ಒಂದು ದಿನಾನೂ ನಿಂತಿಲ್ಲ."

ಡಾಕ್ಟರು ತಲೆ ಎತ್ತಿದರು. "ಏನಯ್ಯಾ? ಪೂಜೆ ದಿನದಿಂದ ನೀನು ಬರೋವರೆಗೂ ಅದು ಸತ್ತು ಬಿದ್ದಿತ್ತಲ್ಲ. ಸ್ಯಾಂಪಲ್ ಪಕ್ಕಕ್ಕೆ ಕಳಿಸಿ ಅಂತ ನಾನೇ ಹೇಳಿದ್ದು."

"ಹಾಗಾದ್ರೆ ಆ ವಾರದ ಬಿಲ್ಲಲ್ಲಿ ನಿಮ್ಮ ಮೆಷಿನ್ನಿನ ಟೆಸ್ಟು ಹೇಗೆ ಬಂತು ಡಾಕ್ಟ್ರೇ?"

ಡಾಕ್ಟರು ಹಣೆ ಬಡಿದುಕೊಂಡರು. "ನಾನು ಬಿಲ್ಲು ನೋಡೋದೇ ಇಲ್ವಲ್ಲ!"

"ಮೆಷಿನ್ ನಿಂತಿದ್ದು ಇವಳಿಗೆ ಗೊತ್ತು, ನಿಲ್ಲಿಸಿದ್ದೇ ಇವಳು. ಮುನಿರಾಜುಗೆ ಗೊತ್ತು. ನಿಮಗೂ ಗೊತ್ತು. ಗೊತ್ತಿರೋ ಯಾರೂ ಸತ್ತ ಮೆಷಿನ್ನಿನ ಹೆಸರಲ್ಲಿ ಸುಳ್ಳು ಟೆಸ್ಟ್ ಬರೆಯಲ್ಲ. ಬರೆದವನಿಗೆ ಗೊತ್ತಿರಲಿಲ್ಲ. ಯಾಕೆ? ಅವನು ಊರಲ್ಲೇ ಇರಲಿಲ್ಲ."

"ಅದೇ ಹೇಳ್ತಿರೋದು, ನಾನು ಹಾಸನದಲ್ಲಿದ್ದೆ!" ಯಶ್ವಂತ್ ಬೆವರಿದ.

"ಅದಕ್ಕೇ ಸಿಕ್ಕಿಬಿದ್ರಿ. ಚೇತನಾಗೆ ಪಾಸ್‌ವರ್ಡ್ ಕೊಟ್ಟಿದ್ದು ಯಾರು? ನೀವು. ಬಿಲ್ಲು ಏರಿದಷ್ಟೂ ಕಮಿಷನ್ ಏರೋದು ಯಾರಿಗೆ? ನಿಮಗೆ. ಮಾವನ ಮನೇಲಿ ಕೂತೇ ಹಬ್ಬ ಮಾಡ್ಕೊಂಡ್ರಿ. ಆ ಲ್ಯಾಪ್‌ಟಾಪ್ ಸ್ವಲ್ಪ ತೆಗೀರಿ."

ಅವನು ಅದನ್ನು ಬಗಲಿಗೆ ಒತ್ತಿಕೊಂಡ. ಡಾಕ್ಟರೇ ಕಿತ್ತುಕೊಂಡು ತೆರೆದರು. ಬಿಲ್ಲಿಂಗ್ ಪುಟ ಚೇತನಾಳ ಲಾಗಿನ್‌ನಲ್ಲೇ ತೆರೆದಿತ್ತು; ಮೂಲೆಯಲ್ಲಿ ಅವಳ ಹೆಸರು ಕೂತಿತ್ತು.

ಸಂಜೆಯ ಕಂಪ್ಲೇಂಟ್ ಹೋಗುವುದು ಹೋಗಿಯೇ ಹೋಯಿತು, ಯಶ್ವಂತನ ಹೆಸರಿನಲ್ಲಿ.

ಡಾಕ್ಟರು ಚೇತನಾಳತ್ತ ತಿರುಗಿದರು. "ತಪ್ಪಾಯ್ತು ಕಣಮ್ಮ. ವಿಚಾರಿಸದೆ ನಿನ್ನ ಕಳ್ಳಿ ಅಂದುಬಿಟ್ವಿ." ಆಮೇಲೆ ಬೆರಳು ಆಡಿಸಿದರು. "ಮುಂದಿನ ವರ್ಷ ಮೆಷಿನ್ ಮೇಲೆ ಒಂದು ಹೂವು ಮಾತ್ರ ಇಡು, ಸಾಕು."

ಎಲ್ಲರೂ ನಕ್ಕರು. ವಿಮಲಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಸಾಕ್ಷಿ ಬೇಕಾಗಬಹುದೆಂದು ಕೆಂಪು ಬೆರಳನ್ನು ಇಷ್ಟು ಹೊತ್ತು ಒರೆಸಿಕೊಳ್ಳದೇ ಇದ್ದರು. ಈಗ ನೆನಪಾಗಿ ಕುಂಕುಮವನ್ನು ಹುಡುಗಿಯ ಹಣೆಗೇ ಇಟ್ಟರು.

ಫೋನು ಮತ್ತೆ ಮಿನುಗಿತು. ಈ ಸಲ ಚೇತನಾ ಎತ್ತಿದಳು.

"ಏನಿಲ್ಲವ್ವಾ, ಕೆಲಸದಾಗ ಇದ್ನಿ," ಎಂದಳು, ಕಣ್ಣೊರೆಸಿಕೊಳ್ಳುತ್ತಾ. "ನಿಂದು ಊಟ ಆತೇನು?"