ತೂಕದ ಚೀಟಿಯ ಹಿಂಬದಿ

ಎತ್ತುಗಳಿಗೆ ಎಲೆಕ್ಟ್ರಾನಿಕ್ ಮ್ಯೂಸಿಕ್ ಹಿಡಿಸುವುದಿಲ್ಲ ಎಂದು ನನಗೆ ತಿಳಿಸಿದವರು ಗಾಡಿಯಲ್ಲಿ ಕಬ್ಬು ತರುವ ನಿಡಘಟ್ಟದ ಮಹದೇವಣ್ಣ.

“ಏನವ್ವ ಅರ್ಪಿತ, ಚೀಟಿ ಇಂದ್ಗಡೆ ಏನೋ ಬರ್ದಿದ್ದೆ ಅಂತ ಅಳಿಯನ ಫೋನಲ್ಲಿ ಆಕುಸ್ದೆ. ಮಿಕ್ಸಿ ಕೆಟ್ಟೋದಂಗೆ ಬಡ್ಕಂತು. ಎತ್ತುಗ್ಳು ಅಗ್ಗ ಕಿತ್ಕಂಡು ಓಡೋದ್ವು!”

ನಾನು ಬರೆದದ್ದು ಅವರಿಗಲ್ಲ, ಸ್ವರೂಪನಿಗೆ.

ಮದ್ದೂರಿನ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವುದು ನನ್ನ ಕೆಲಸ. ಹೊಸ ಹೊಸ ಆಲ್ಬಂ ಹುಡುಕಿ ಕೇಳುವುದು ನನ್ನ ಹುಚ್ಚು. ಚಿಕ್ಕರಸಿನಕೆರೆಯ ಸ್ವರೂಪ್ ಪ್ರತಿ ಸೋಮವಾರ ಟ್ರ್ಯಾಕ್ಟರ್ ತರುತ್ತಿದ್ದ. “ಕ್ಯೂನಲ್ಲಿ ಆರು ಗಂಟೆ ಕಾಯ್ಬೇಕು ಮೇಡಂ, ಕೇಳಕ್ಕೆ ಯಾವ್ದಾರ ಒಸದು ಬರ್ಕೊಡಿ” ಅಂದಿದ್ದ ಒಮ್ಮೆ.

ಅಂದಿನಿಂದ ಅವನ ತೂಕದ ಚೀಟಿಯ ಹಿಂದೆ ವಾರಕ್ಕೊಂದು ಹೆಸರು. ಒಮ್ಮೆ ಉಸಿರು ಬಿಡದೆ ಬಯ್ಯುವ ಚೆನ್ನೈ ಹುಡುಗಿಯ ರ್ಯಾಪ್, ಒಮ್ಮೆ ಮಾತೇ ಇಲ್ಲದ ಜಪಾನಿನ ಬೀಟ್ಸ್. ಕೆಳಗೆ ಒಂದು ಸಾಲು: ‘ಇಯರ್‌ಫೋನ್ ಹಾಕಿ. ಮೂರನೇ ಹಾಡಿನವರೆಗೆ ಬಯ್ಯಬೇಡಿ.’

ಮುಂದಿನ ವಾರ ಕಿಟಕಿಯಲ್ಲಿ ಇಣುಕಿ, ಅರ್ಧ ನಕ್ಕು, “ಸೂಪರ್ರು ಮೇಡಂ” ಅನ್ನುತ್ತಿದ್ದ. ಆ ಒಂದು ಮಾತಿಗೆ ವಾರವಿಡೀ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಹೋದ ವಾರ ಗಡಿಬಿಡಿಯಲ್ಲಿ ಮಹದೇವಣ್ಣನ ಚೀಟಿಯ ಹಿಂದೆ ಬರೆದುಬಿಟ್ಟಿದ್ದೆ. ಸ್ವರೂಪನಿಗೆ ಸಿಕ್ಕಿದ್ದು ಖಾಲಿ ಚೀಟಿ. ಇವತ್ತು ಅವನ ಕೊನೆಯ ಲೋಡು. ಇನ್ನು ಮುಂದಿನ ಹಂಗಾಮಿನವರೆಗೆ ಆ ಮುಖ ಕಾಣಿಸುವುದಿಲ್ಲ.

ಬಂದ. ಇಣುಕಿದ.

“ಹೋದ ವಾರದ್ದು ಹೇಗಿತ್ತು?”

“ಸೂಪರ್ರು ಮೇಡಂ. ಅದ್ರಲ್ಲೂ ನಾಲ್ಕನೇದು!”

“ಖಾಲಿ ಚೀಟಿಯಲ್ಲಿ ನಾಲ್ಕನೇದು ಯಾವುದಪ್ಪಾ?”

ಅವನ ಕಿವಿ ಕೆಂಪಾಯಿತು. ನನಗೆ ಕೋಪಕ್ಕಿಂತ ಅಳು ಬಂತು. “ಒಂದನ್ನೂ ಕೇಳಿಲ್ಲ, ಅಲ್ವಾ?”

“ಅಯ್ಯೋ, ಎಲ್ಲಾನೂ ಮೂರ್ಮೂರು ಸಲ ಕೇಳಿವ್ನಿ ಕಣ್ರೀ. ಎರಡು ಬುಟ್ರೆ ಯಾವ್ದೂ ಇಡಿಸ್ನಿಲ್ಲ. ನಿಮ್ಗೆ ಅದ್ರಲ್ಲಿ ಏನು ಇಷ್ಟ ಆಯ್ತೋ ಅಂತ ತಡಕಾಡ್ತಾ ಕೇಳ್ದೆ. ಚೆನ್ನಾಗಿಲ್ಲ ಅಂದ್ರೆ ಬರಿಯೋದು ನಿಲ್ಲಿಸ್ಬುಡ್ತೀರ ಅಂತ ಬಯ. ಓದ್ವಾರ ಖಾಲಿ ಬಂತು. ನನ್ನ ಸವಾಸ ಸಾಕಾಯ್ತೇನೋ ಅಂದ್ಕಂಡೆ. ಈಗ ನೀವು ಕೇಳ್ದೇಟ್ಗೆ ಬಾಯಿಗ್ ಬಂದಿದ್ದು ಅಂದ್ಬುಟ್ಟೆ.”

ಹಿಂದಿನ ಟ್ರ್ಯಾಕ್ಟರಿನವನು ಹಾರ್ನ್ ಬಾರಿಸಿದ. ಬಾರಿಸಲಿ. ನಾನು ಚೀಟಿ ತಿರುಗಿಸಿ ನನ್ನ ನಂಬರ್ ಬರೆದೆ. ಕೆಳಗೆ ಒಂದು ಸಾಲು: ‘ಇನ್ನು ಮೇಲೆ ನಿಜ ಹೇಳಬೇಕು.’

ಅವನು ಅದನ್ನು ಓದಿ, ಮಡಚಿ ಜೇಬಿಗಿಟ್ಟು, ಮತ್ತೆ ತೆಗೆದು ಓದಿದ.

ರಾತ್ರಿ ಕಳೆಯುವ ಮೊದಲೇ ಅವನ ಮೆಸೇಜು ಬಂತು, ನಾನೊಂದು ಆಲ್ಬಂ ಕಳಿಸಿದೆ. ಮೂರನೇ ದಿನ ಉತ್ತರ:

“ಕೇಳಿದೆ. ಒಂಚೂರೂ ಚೆನ್ನಾಗಿಲ್ಲ ಅರ್ಪಿತ. ಭಾನುವಾರ ಮದ್ದೂರಿಗೆ ಬನ್ನಿ, ಎದ್ರಿಗೇ ಕೂತ್ಕಂಡು ಬಯ್ತೀನಿ.”

‘ಮೇಡಂ’ ಎಲ್ಲಿ ಬಿದ್ದುಹೋಯಿತೋ ನಾನು ಕೇಳಲಿಲ್ಲ. ಅವನು ಸಂಜೆಯವರೆಗೂ ಬಯ್ಯಬೇಕು, ಅಂಥ ಇನ್ನೊಂದು ಆಲ್ಬಂ ಹುಡುಕಲು ಕೂತೆ.